ಜೋಳ ಕೊಯ್ಲಿನ ತಾರೀಕು

ಕಾದಂಬರಿ ತಂದುಕೊಟ್ಟವಳು ಸೊಸೆ. "ಅತ್ತೆ, ವಲಸೆ ಬಂದವರ ಕಥೆಯಂತೆ. ನಿಮ್ಮ ಆಫೀಸೂ ಬರುತ್ತಂತೆ ಅದರಲ್ಲಿ. ಲೈಬ್ರರೀಲಿ ಎಲ್ಲರ ಬಾಯಲ್ಲೂ ಇದೇ" ಅಂದಳು.

ದುಭಾಷಿ ಮೂಗು ಮುರಿದಳು. ಮೂವತ್ತು ವರ್ಷ ವಲಸೆ ಕಚೇರಿಯಲ್ಲಿ ಕೂತು, ಬಂದವರ ಮಾತನ್ನು ಅಧಿಕಾರಿಗೂ ಅಧಿಕಾರಿಯ ಮಾತನ್ನು ಬಂದವರಿಗೂ ದಾಟಿಸಿ ನಿವೃತ್ತಳಾದವಳಿಗೆ ಅದನ್ನೇ ಮತ್ತೆ ಓದುವ ಹುಚ್ಚೇನೂ ಇರಲಿಲ್ಲ. ಮೇಲಾಗಿ ತಾನೂ ಒಂದು ಕಾಲದಲ್ಲಿ ಅದೇ ಬೆಂಚಿನ ಮೇಲೆ ಕಾದು ಒಳಗೆ ಬಂದವಳು. ಬೇರು, ನೆಲ, ಅಸ್ಮಿತೆ ಎಂದು ಪುಟಗಟ್ಟಲೆ ಗೋಳಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಆ ಬೆಂಚಿನ ಮೇಲೆ ಕೂತ ಯಾರೂ ಬೇರಿನ ಮಾತೆತ್ತಿದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಅವರು ಕೇಳುತ್ತಿದ್ದುದು ಶೌಚಾಲಯ ಯಾವ ಕಡೆ ಎಂದು.

ಆದರೂ ಮಧ್ಯಾಹ್ನದ ಹೊತ್ತು ಕಳೆಯಬೇಕಲ್ಲ, ಸ್ಟೂಲಿನ ಮೇಲೆ ಕಾಲು ಚಾಚಿ ಓದಲು ಕೂತಳು. ನೂರು ಪುಟದವರೆಗೆ ತಪ್ಪು ಹುಡುಕಿದ್ದೇ ಹುಡುಕಿದ್ದು. ಆಮೇಲೆ ಕಚೇರಿ ಬಂತು. ಅರ್ಧ ಗೋಡೆಗೆ ಹಸಿರು ಬಣ್ಣ, ನೆಲಕ್ಕೆ ಬೋಲ್ಟು ಹಾಕಿದ ಬೆಂಚು, ಹತ್ತು ನಿಮಿಷ ಮುಂದೆ ಓಡುವ ಗಡಿಯಾರ. ಅಪ್ಪ ಅಮ್ಮನ ನಡುವೆ ಕೂತ ಏಳು ವರ್ಷದ ಹುಡುಗಿಗೆ ಬಿಕ್ಕಳಿಕೆ. ದುಭಾಷಿಯೊಬ್ಬಳು ಎದ್ದು ಹೋಗಿ ಕಾಗದದ ಲೋಟದಲ್ಲಿ ನೀರು ತಂದುಕೊಟ್ಟು, ಬಿಚ್ಚಿಹೋದ ಜಡೆಗೆ ರಿಬ್ಬನ್ ಕಟ್ಟುತ್ತಾಳೆ. 'ಆ ಊರಿನಲ್ಲಿ ನಮ್ಮನ್ನು ಮನುಷ್ಯರೆಂದು ಕಂಡವಳು ಅವಳೊಬ್ಬಳೇ' ಎಂದು ಬರೆದಿತ್ತು.

ಅಯ್ಯೋ, ಇದು ನಾನೇ ಅಲ್ಲವಾ! ನಾಚಿಕೆಯಿಲ್ಲದೆ ಆ ಸಾಲನ್ನು ಮೂರು ಸಲ ಓದಿದಳು. ಬಂದವರು ಅವಳನ್ನು ಕಚೇರಿಯವಳೆಂದು ಅನುಮಾನಿಸಿದರು, ಕಚೇರಿಯವರು ಬಂದವರ ಪೈಕಿಯೆಂದು ದೂರ ಇಟ್ಟರು. ಇಷ್ಟು ವರ್ಷಕ್ಕೆ ಒಂದು ಪುಸ್ತಕದಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಸೊಸೆಗೆ ತೋರಿಸಬೇಕೆಂದು ಪುಟದ ಮೂಲೆ ಮಡಚಿದಳು.

ಪುಟ ಮಗುಚಿದರೆ ಅಧಿಕಾರಿ ಅಪ್ಪನೊಬ್ಬನನ್ನೇ ಒಳಗೆ ಕರೆದು ಕೇಳುತ್ತಿದ್ದಾನೆ, ನಿನ್ನ ತಮ್ಮನನ್ನು ಕೊಂದದ್ದು ಯಾವತ್ತು? ಅಪ್ಪ ಹೇಳುತ್ತಾನೆ, ಹತ್ತನೇ ತಿಂಗಳ ಹನ್ನೆರಡು. ಎರಡನೇ ವಿಚಾರಣೆಗೆ ದುಭಾಷಿ ಬೇರೆ. ಅದೇ ಪ್ರಶ್ನೆಗೆ ಅಪ್ಪ, ತಾರೀಕು ಗೊತ್ತಿಲ್ಲ ಅನ್ನುತ್ತಾನೆ. ಅಧಿಕಾರಿ ಹಳೆಯ ಫೈಲು ತೆಗೆದು ಓದಿ, ಸುಳ್ಳುಗಾರ ಎಂದು ಬರೆಯುತ್ತಾನೆ. ಹೆಂಡತಿ ಮಗಳನ್ನು ಇರಲು ಬಿಟ್ಟು ಅವನೊಬ್ಬನನ್ನು ವಾಪಸು ಅಟ್ಟುತ್ತಾರೆ.

ದುಭಾಷಿ ಪುಸ್ತಕವನ್ನು ಮಡಿಲಿಗೆ ಇಳಿಸಿದಳು. ಕಾದಂಬರಿ ಅಂದಮೇಲೆ ಕಟ್ಟುಕಥೆ ಇರಬಹುದು ಎಂದುಕೊಳ್ಳೋಣವೆಂದರೆ ಆ ತಾರೀಕು ಹುಟ್ಟಿದ್ದೇ ಅವಳ ಬಾಯಲ್ಲಿ. ಮೊದಲ ದಿನವೂ ಅವನು ಹೇಳಿದ್ದು ಗೊತ್ತಿಲ್ಲ ಎಂದೇ, ಜೋಳ ಕೊಯ್ಲಿನ ಕಾಲ ಎಂದೇ. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು, ಬಂದವನು 'ನಾನು' ಎಂದರೆ ತಾನೂ 'ನಾನು' ಎಂದೇ ಹೇಳಬೇಕು, ಅದು ಅವಳ ಕೆಲಸದ ಮೊದಲ ಪಾಠ. ಆದರೆ ಆ ವಾರ 'ಗೊತ್ತಿಲ್ಲ' ಎಂದ ನಾಲ್ವರ ಫೈಲು ಅವಳ ಕಣ್ಣೆದುರೇ ತಿರಸ್ಕಾರವಾಗಿ ಮುಚ್ಚಿಹೋಗಿತ್ತು. ಪಾಪ, ಪುಟ್ಟ ಮಗು ಬೇರೆ ಇದೆ ಎಂದು ಮರುಗಿ, ಕೊಯ್ಲಿನ ತಿಂಗಳು ಲೆಕ್ಕ ಹಾಕಿ ಒಂದು ತಾರೀಕು ಹೇಳಿಬಿಟ್ಟಿದ್ದಳು. ಅಧಿಕಾರಿ ತಲೆಯಾಡಿಸಿ ಟೈಪು ಮಾಡಿಕೊಂಡಿದ್ದ. ಸಂಜೆ ಮನೆಗೆ ಬಂದು ಹಾಯಾಗಿ ಊಟ ಮಾಡಿದ್ದೂ ನೆನಪಿತ್ತು.

ಮುಂದಿನ ಅಧ್ಯಾಯದ ತುಂಬ ಫೋನು. "ನಾನು ತಾರೀಕು ಹೇಳೇ ಇಲ್ಲ ಕಣೇ" ಎಂದು ಅಪ್ಪ. "ಮತ್ಯಾರು, ಗೋಡೆ ಹೇಳ್ತಾ?" ಎಂದು ಅಮ್ಮ. ಹನ್ನೊಂದು ವರ್ಷ ಇದೇ ಜಗಳ. ಕೊನೆಗೆ ಅವನೇ ಸೋತು, "ಹೇಳಿರಬೇಕು ಬಿಡು, ಬುದ್ಧಿ ಮಂಕಾಗಿತ್ತು" ಅನ್ನುತ್ತಾನೆ. ಮರುವರ್ಷ ಒಬ್ಬನೇ ಸಾಯುತ್ತಾನೆ.

ನಾಲ್ಕು ದಿನ ಅವಳು ಪುಟದ ಆ ಮೂಲೆಯನ್ನು ಬಿಡಿಸಿ ಮತ್ತೆ ಮಡಚಿದಳು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಪುಟದಲ್ಲಿ ದೇವತೆಯಾಗಿ ಉಳಿಯಬಹುದು. ಆ ಹುಡುಗಿಯ ಅಪ್ಪನೂ ಸುಳ್ಳುಗಾರನಾಗಿಯೇ ಉಳಿಯುತ್ತಾನೆ. ಭಾನುವಾರ ಲೇಖಕಿ ಲೈಬ್ರರಿಗೆ ಬರುತ್ತಾಳೆಂದು ಗೊತ್ತಾಗಿ, ಆ ದಿನ ಅವಳು ಸೊಸೆಗೂ ಹೇಳದೆ ಹೊರಟಳು.

ಹಸ್ತಾಕ್ಷರದ ಮೇಜಿನ ಹಿಂದೆ ಲೇಖಕಿಯ ಪಕ್ಕ ಅವಳ ಅಮ್ಮನೂ ಕೂತಿದ್ದಳು. ಮುದುಕಿಗೆ ಗುರುತು ಹತ್ತಲು ಕ್ಷಣ ಸಾಕಾಯಿತು. "ಅಯ್ಯೋ ನೋಡೇ, ನಿಂಗೆ ನೀರು ಕೊಟ್ಟ ಅಕ್ಕ!" ಎಂದು ಪಕ್ಕದ ಕುರ್ಚಿಗೆ ಎಳೆದು ಕೂರಿಸಿ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಾ, ಆ ತಾರೀಕು ನಿಮ್ಮ ಯಜಮಾನರು ಹೇಳಿದ್ದಲ್ಲ" ಅಂದಳು ದುಭಾಷಿ. "ನಾನು ಸೇರಿಸಿದ್ದು."

ಮುದುಕಿ ನಕ್ಕಳು. "ಸತ್ತವರ ತಪ್ಪನ್ನ ನೀವ್ಯಾಕೆ ಹೊತ್ಕೊಳ್ತೀರಿ ಅಕ್ಕಾ? ಅವರೇ ಅಂದಿದ್ದು. ಅಲ್ವಾ?" ಹಿಡಿತ ಬಿಗಿಯಾಯಿತು. "ಅವರೇ ಅಂದಿದ್ದು ಅಂತ ಹೇಳಿ."

ಹೌದು ಅಂದುಬಿಟ್ಟರೆ ಮುದುಕಿಯ ಮುಖ ಸಡಿಲವಾಗುತ್ತಿತ್ತು. ದುಭಾಷಿಗೆ ಪಾಪ ಅನ್ನಿಸಿತು. ಆವತ್ತೂ ಹೀಗೇ ಅನ್ನಿಸಿತ್ತು.

"ಇಲ್ಲಮ್ಮ. ನಾನೇ."

ಮಗಳು ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಅಪ್ಪ ಏನಂದಿದ್ರು?"

ದುಭಾಷಿ ಕೈ ಬಿಡಿಸಿಕೊಂಡು ತೊಡೆಯ ಮೇಲಿಟ್ಟು, ಕಚೇರಿಯಲ್ಲಿ ಕೂರುತ್ತಿದ್ದಂತೆ ನೆಟ್ಟಗೆ ಕೂತಳು. "ತಾರೀಕು ನಂಗೊತ್ತಿಲ್ಲ ಸಾಹೇಬ್ರೇ. ಜೋಳ ಕೊಯ್ಲಿಗೆ ಬಂದಿತ್ತು. ತಮ್ಮನ ಕೈಲಿ ಇನ್ನೂ ಕುಡುಗೋಲಿತ್ತು. ನಂಗೆ ನೆನಪಿರೋದು ಅಷ್ಟೇ."

ಸಾಲಿನಲ್ಲಿ ನಿಂತವರು ಪುಸ್ತಕ ಹಿಡಿದುಕೊಂಡು ಕಾಯುತ್ತಿದ್ದರು. ಮುದುಕಿ ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಫೋನಲ್ಲೂ ಹೀಗೇ ಅಂತಿದ್ರು" ಎಂದಳು. "ಪ್ರತಿ ಸಲ. ಜೋಳ ಅಂದ ಕೂಡ್ಲೇ ನಾನು ಫೋನ್ ಇಟ್ಬಿಡ್ತಿದ್ದೆ."