ಚಿಕ್ಕಗೌರಮ್ಮನಿಗೆ ಕೊಟ್ಟ ಟಾನಿಕ್ಕು

ಬೆಂಗಳೂರಿನ ತರಬೇತಿಗೆ ಬರಬೇಕೆಂಬ ಮೊದಲ ಸುತ್ತೋಲೆ ಡಾಕ್ಟರ್ ಪರಮಶಿವಯ್ಯನವರ ಕೈಗೆ ಬಂದದ್ದು 1980ರ ಮಳೆಗಾಲದಲ್ಲಿ. ಹಳ್ಳಿ ಆಸ್ಪತ್ರೆಗಳ ವೈದ್ಯರಿಗೆ ಹೆಂಗಸರ ಕಾಯಿಲೆಗಳ ಬಗ್ಗೆ ಏಳು ದಿನದ ಪಾಠ. ಆಗ ಅವರು ತಿಪಟೂರಿನ ಹತ್ತಿರ ಹೊಸದಾಗಿ ಕೊಂಡ ಜಮೀನಿನಲ್ಲಿ ತೆಂಗಿನ ಸಸಿ ನೆಡಿಸುತ್ತಿದ್ದರು. ಆಳುಗಳನ್ನು ಬಿಟ್ಟು ಹೋದರೆ ಗುಂಡಿಯ ಅಳತೆ ತಪ್ಪುತ್ತದೆ ಎಂಬ ಚಿಂತೆ. ಆಸ್ಪತ್ರೆಯಲ್ಲಿ ರೋಗಿಗಳ ಒತ್ತಡ ಹೆಚ್ಚಿರುವುದರಿಂದ ಬರಲಾಗದು ಎಂದು ಎರಡು ಸಾಲು ಬರೆದು ಕಳಿಸಿಬಿಟ್ಟರು.

ಅವರ ಆಸ್ಪತ್ರೆ ಅದೇ ಸೀಮೆಯ ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮೂರು ಕೋಣೆ, ಒಬ್ಬ ಕಾಂಪೌಂಡರು, ಸರ್ವಮಂಗಳ ಎಂಬ ನರ್ಸು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದ ಪರಮಶಿವಯ್ಯ ಕೆಟ್ಟ ವೈದ್ಯರೇನಲ್ಲ. ಹಾವು ಕಚ್ಚಿದವರನ್ನು ಉಳಿಸಿದ್ದರು, ವಾಂತಿಭೇದಿಯ ಕಾಲದಲ್ಲಿ ವಾರಗಟ್ಟಲೆ ಮನೆಗೆ ಹೋಗಿರಲಿಲ್ಲ. ಜನ ಅವರನ್ನು ನಂಬಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಚಿಕ್ಕಗೌರಮ್ಮ ಬಂದಳು. ಐವತ್ತೆರಡು ವರ್ಷದ ಒಕ್ಕಲಿನ ಹೆಂಗಸು. ಗಂಡ ಮಾಯಣ್ಣನಿಗೆ ಒಂದು ಎಕರೆ ತೋಟ, ಸ್ವಲ್ಪ ಹೊಲ, ನಾಲ್ಕು ದನ. ಬಾಗಿಲ ಹತ್ತಿರವೇ ನಿಂತು, ನೆಲ ನೋಡುತ್ತಾ ಹೇಳಿದಳು: "ಹೊರಗಾಗೋದು ನಿಂತು ಮೂರು ವರ್ಷ ಆಗಿತ್ತು ಸ್ವಾಮಿ. ಈಗ ತಿರ್ಗ ಕಾಣುಸ್ಕೊಂಡದೆ. ಉಷ್ಣ ಇರ್ಬೇಕು."

"ಉಷ್ಣವೇ ಇರಬೇಕು," ಎಂದರು ಪರಮಶಿವಯ್ಯ. ಕಬ್ಬಿಣದ ಮಾತ್ರೆ, ಒಂದು ಬಾಟಲಿ ಟಾನಿಕ್ಕು, ರಕ್ತ ನಿಲ್ಲಿಸುವ ಇಂಜೆಕ್ಷನ್ ಬರೆದುಕೊಟ್ಟರು.

ತಿಂಗಳಿಗೊಮ್ಮೆ ಅವಳು ಬರುತ್ತಿದ್ದಳು. ಸೊಂಟನೋವು ಎಂದಳು, ಮತ್ತೊಂದು ಮಾತ್ರೆ ಸೇರಿತು. ಬಿಳಿ ಹೋಗುತ್ತದೆ ಎಂದಳು, ಟಾನಿಕ್ಕು ಬದಲಾಯಿತು. ಐದನೆಯ ಸಲ ಅವಳು ಹೊರಗೆ ಹೋದ ಮೇಲೆ ಸರ್ವಮಂಗಳ ಮೆಲ್ಲಗೆ ಕೇಳಿದಳು: "ಒಂದ್ಸಲ ಒಳಗೆ ಪರೀಕ್ಷೆ ಮಾಡಿ ನೋಡಣ್ವಾ ಸಾರ್? ನಾನು ಪಕ್ಕದಲ್ಲೇ ಇರ್ತೀನಿ."

"ಗಂಡಸು ಡಾಕ್ಟ್ರು ಹಂಗೆಲ್ಲ ನೋಡಿದ್ರೆ ಈ ಊರೋರು ಸುಮ್ನೆ ಬಿಡ್ತಾರೇನಮ್ಮ? ನಾಳೆ ಯಾವ ಹೆಂಗ್ಸೂ ಈ ಕಡೆ ತಲೆ ಹಾಕಲ್ಲ."

ಒಳಪರೀಕ್ಷೆಯ ಉಪಕರಣ ಬೀರುವಿನಲ್ಲಿತ್ತು. ಜಿಲ್ಲಾ ಕಚೇರಿಯಿಂದ ಬಂದಾಗ ಸುತ್ತಿದ್ದ ಕಾಗದವನ್ನೂ ಯಾರೂ ಬಿಚ್ಚಿರಲಿಲ್ಲ.

ಮುಂದಿನ ಆಗಸ್ಟಿನಲ್ಲಿ ಎರಡನೆಯ ಸುತ್ತೋಲೆ ಬಂತು. ಈ ಸಲ ತಪ್ಪಿಸಿಕೊಂಡವರಿಂದ ವಿವರಣೆ ಕೇಳಲಾಗುವುದು ಎಂದಿತ್ತು. ಪರಮಶಿವಯ್ಯ ಗೊಣಗುತ್ತಲೇ ರೈಲು ಹತ್ತಿದರು.

ಪಾಠ ಮಾಡಿದವರು ತಲೆ ನರೆತ ಒಬ್ಬ ಹೆಂಗಸು, ನಲವತ್ತು ವರ್ಷ ಹೆರಿಗೆ ಮಾಡಿಸಿದವರು. ಮೂರನೆಯ ದಿನ ಅವರು ಬೋರ್ಡಿನ ಮೇಲೆ ಏನೂ ಬರೆಯದೆ ಹೇಳಿದರು: "ಮುಟ್ಟು ನಿಂತು ವರ್ಷ ಕಳೆದ ಮೇಲೆ ಹೆಂಗಸಿಗೆ ರಕ್ತ ಕಂಡರೆ, ಅಲ್ಲವೆಂದು ಖಚಿತವಾಗುವ ತನಕ ಅದು ಕ್ಯಾನ್ಸರ್. ಇದನ್ನು ನೀವೆಲ್ಲ ಕಾಲೇಜಿನಲ್ಲಿ ಓದಿದ್ದೀರಿ. ಕಳೆದ ಒಂದು ವರ್ಷದಲ್ಲಿ ಇಂಥವರಿಗೆ ಒಳಪರೀಕ್ಷೆ ಮಾಡಿದವರು ಎಷ್ಟು ಜನ?"

ಮೂವತ್ತೆರಡು ಜನರಲ್ಲಿ ಐದು ಕೈ ಮೇಲಕ್ಕೆದ್ದವು. ಪರಮಶಿವಯ್ಯನವರ ಕೈ ಮೇಜಿನ ಮೇಲೇ ಇತ್ತು. ಹೌದು, ಓದಿದ್ದರು. ಕೊನೆಯ ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಎರಡು ಪುಟ ಉತ್ತರ ಬರೆದಿದ್ದರು. ಚೆನ್ನಾಗಿ ಬರೆದಿದ್ದೀಯ ಎಂದು ಮೇಷ್ಟರು ಬೆನ್ನು ತಟ್ಟಿದ್ದರು.

ಆ ಸಂಜೆಯೇ ಊರಿಗೆ ಹೊರಡಬಹುದಿತ್ತು. ಹೊರಡಲಿಲ್ಲ. ಪಾಠ ಪೂರ್ತಿ ಕಲಿತೇ ಹೋಗಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ನಿಜವಾಗಿ ಅವರಿಗೆ ಭಯವಾಗಿತ್ತು. ಇನ್ನೂ ನಾಲ್ಕು ದಿನ ಅವಳ ಮುಖ ನೋಡದೆ ಇರಬಹುದಲ್ಲ ಎಂಬ ಆಸೆಯೂ ಇತ್ತು.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಸರ್ವಮಂಗಳಳನ್ನು ಕರೆದುಕೊಂಡು ಚಿಕ್ಕಗೌರಮ್ಮನ ಮನೆಗೆ ನಡೆದರು. ಅವಳು ಆಸ್ಪತ್ರೆಗೆ ಬಂದು ಎರಡು ತಿಂಗಳಾಗಿತ್ತು. ಮನೆಯ ಪಡಸಾಲೆಯಲ್ಲಿ ಇರಲಿಲ್ಲ. ಕೊಟ್ಟಿಗೆಯ ಮಗ್ಗುಲಲ್ಲಿ ಚಾಪೆ ಹಾಕಿಕೊಂಡು, ಕರಟ ಒಡೆದು ಕೊಬ್ಬರಿ ಬಿಡಿಸುತ್ತಾ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಇಲ್ಯಾಕಮ್ಮ ಕೂತಿದ್ದೀಯ?" ಎಂದಳು ಸರ್ವಮಂಗಳ.

"ನಾತ ಕಣವ್ವ. ಮನೇಲಿ ಊಟ ಮಾಡೋರಿಗೆ ಕಷ್ಟ ಆಯ್ತದೆ. ನಾನೇ ಇಲ್ಲಿಗೆ ಬಂದ್ಬುಟ್ಟೆ."

ಪರಮಶಿವಯ್ಯ ಕೈಕಟ್ಟಿ ನಿಂತಿದ್ದರು. ಒಳಪರೀಕ್ಷೆ ಮಾಡಬೇಕಾಗಿದೆ, ನಿನಗೆ ಸಂಕೋಚವಾಗಬಹುದು, ನರ್ಸು ಜೊತೆಗಿರುತ್ತಾಳೆ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಹೇಳಿದರು.

ಚಿಕ್ಕಗೌರಮ್ಮ ಕೈಯಲ್ಲಿದ್ದ ಕೊಬ್ಬರಿಯನ್ನು ಕುಕ್ಕೆಗೆ ಹಾಕಿದಳು. "ನೋಡಿ ಸ್ವಾಮಿ. ಮೂರು ಹೆತ್ತೋಳಿಗೆ ಏನು ನಾಚ್ಕೆ. ಮೊದ್ಲೇ ನೋಡ್ತೀನಿ ಅಂದಿದ್ರೆ ಬ್ಯಾಡ ಅಂತಿದ್ನಾ? ನೀವೇ ಕೇಳ್ಲಿಲ್ಲ."

ಅಷ್ಟು ವರ್ಷ ಊರಿನ ಮರ್ಯಾದೆ ಎಂದು ಅವರು ಹೇಳಿಕೊಂಡು ಬಂದದ್ದು ತಮ್ಮದೇ ಅಳುಕು ಎಂದು ಆ ಕೊಟ್ಟಿಗೆಯ ಮಗ್ಗುಲಲ್ಲಿ ಅವರಿಗೆ ತಿಳಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಒಂದು ನಿಮಿಷವೂ ಬೇಕಾಗಲಿಲ್ಲ. ಗರ್ಭಕೋಶದ ಬಾಯಿಯ ಹುಣ್ಣು ಪಕ್ಕಗಳಿಗೂ ಹಬ್ಬಿತ್ತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅವರೇ ಗಂಡಹೆಂಡಿರನ್ನು ಕರೆದುಕೊಂಡು ಹೋದರು. ಅಲ್ಲಿನ ವೈದ್ಯರು ಚೀಟಿ ನೋಡಿ, ಪರೀಕ್ಷೆ ಮಾಡಿ, ಇಂಗ್ಲಿಷಿನಲ್ಲಿ ಹೇಳಿದರು: ಹತ್ತು ತಿಂಗಳ ಹಿಂದೆ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು, ಈಗ ವಿಕಿರಣ, ಅಂದರೆ ಜನ ಹೇಳುವ ಕರೆಂಟು, ಕೊಟ್ಟು ನೋವು ಕಡಿಮೆ ಮಾಡಬಹುದು, ಅಷ್ಟೇ. ಮಾಯಣ್ಣ ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದ. "ಏನಂದ್ರು ಸ್ವಾಮಿ?" ಎಂದ. "ಕರೆಂಟು ಕೊಡ್ತಾರಂತೆ," ಎಂದಷ್ಟೇ ಹೇಳಿದರು ಪರಮಶಿವಯ್ಯ.

ಒಂದೂವರೆ ತಿಂಗಳ ಮೇಲೆ ಅವಳು ಊರಿಗೆ ಬಂದಳು. ವಾಸನೆ ಕಡಿಮೆಯಾಗಿ ಮತ್ತೆ ಪಡಸಾಲೆಗೆ ಸೇರಿದಳು. ನೋವಿಗೆ ಸೂಜಿ ಹಾಕಲು ಪರಮಶಿವಯ್ಯನವರೇ ಮನೆಗೆ ಹೋಗುತ್ತಿದ್ದರು. ಸ್ವಂತದವರೂ ಹೀಗೆ ಮಾಡಲ್ಲ, ನಮ್ಮ ಡಾಕ್ಟ್ರು ಬೆಂಗಳೂರಿಗೆ ಕೈಹಿಡಿದು ಕರೆದುಕೊಂಡು ಹೋದರು ಎಂದು ಮಾಯಣ್ಣ ಊರೆಲ್ಲ ಹೇಳಿದ. ಒಂದು ದಿನ ಆಸ್ಪತ್ರೆಯ ಜಗಲಿಯ ಮೇಲೆ ಎಳನೀರಿನ ಗೊನೆ ಇಟ್ಟು ಹೋದ. ಪರಮಶಿವಯ್ಯ ಅದನ್ನು ಮುಟ್ಟಲಿಲ್ಲ. ಕಾಂಪೌಂಡರು ಬಂದವರಿಗೆಲ್ಲ ಕೆತ್ತಿಕೊಟ್ಟ.

ಮಾರನೆಯ ದಿನ ಅವರು ಮಾಯಣ್ಣನ ತೋಟಕ್ಕೆ ಹೋದರು. ಅವನು ಪಾತಿ ಬಿಡಿಸುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದರು. ತಪ್ಪಿಸಿಕೊಂಡ ತರಬೇತಿ, ನರ್ಸು ಕೇಳಿದ್ದು, ತಾವು ಬೇಡವೆಂದದ್ದು, ಬೆಂಗಳೂರಿನ ವೈದ್ಯರ ಮಾತು. ಮಾಯಣ್ಣ ಗುದ್ದಲಿಯನ್ನು ಪಾತಿಯ ಅಂಚಿಗೆ ಊರಿದ.

"ಅವಳಿಗೆ ಹೇಳಿದ್ರಾ?"

"ಇಲ್ಲ."

"ನನಗೆ ಹೇಳಿ ನಿಮ್ಮ ಎದೆ ಹಗುರ ಮಾಡ್ಕೊಂಡ್ರಿ. ಇದನ್ನ ಹೊತ್ಕೊಂಡು ನಾನು ಅವಳ ಮುಂದೆ ಹೆಂಗೆ ಕೂರ್ಲಿ? ಹೋಗಿ, ಅವಳಿಗೇ ಹೇಳಿ."

ಅವರು ಹೋಗಿ ಹೇಳಿದರು. ಚಿಕ್ಕಗೌರಮ್ಮ ಗೋಡೆಗೆ ಒರಗಿ ಕೇಳಿಸಿಕೊಂಡಳು.

"ಆಗ್ಲೇ ನೋಡಿದ್ರೆ ಬದುಕ್ತಿದ್ನಾ?"

ಖಂಡಿತ ಹೇಳಲಾಗದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ಸುಳ್ಳೂ ಅಲ್ಲ. ಆದರೂ ಅದನ್ನು ನುಂಗಿಕೊಂಡು, "ಬದುಕ್ತಿದ್ದೆ ಅನ್ಸುತ್ತೆ ಕಣಮ್ಮ," ಎಂದರು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸೆರಗು ಎಳೆದು ಹೊದ್ದುಕೊಂಡು ಅಂದಳು: "ಇನ್ನ ಸೂಜಿ ಹಾಕಕ್ಕೆ ನರ್ಸಮ್ಮನ್ನ ಕಳ್ಸಿ. ನೀವು ಬರ್ಬ್ಯಾಡಿ."

ಅವರು ಮತ್ತೆ ಆ ಮನೆಗೆ ಹೋಗಲಿಲ್ಲ. ಶಿವರಾತ್ರಿಗೆ ಮೊದಲು ಚಿಕ್ಕಗೌರಮ್ಮ ತೀರಿಕೊಂಡಳು. ಮಣ್ಣಿಗೆ ಹೋದವರ ಹಿಂದೆ, ತುಸು ದೂರದಲ್ಲಿ ಅವರೂ ನಡೆದರು. ಯಾರೂ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ.

ಆಮೇಲೆ ಪ್ರತಿ ಬುಧವಾರ ಹೆಂಗಸರ ಪರೀಕ್ಷೆ ಎಂದು ಗೊತ್ತುಮಾಡಿದರು. ಸರ್ವಮಂಗಳ ಮನೆಮನೆಗೆ ಹೋಗಿ ಹೇಳಿದಳು. ಮೊದಲ ಬುಧವಾರ ಯಾರೂ ಬರಲಿಲ್ಲ, ಎರಡನೆಯದಕ್ಕೆ ಇಬ್ಬರು ಬಂದರು. ಬಂದವರನ್ನೆಲ್ಲ ಪರಮಶಿವಯ್ಯ ಕೇಳುತ್ತಿದ್ದರು, ನೋಡಬಹುದೇನಮ್ಮ ಎಂದು. ಬೇಡವೆಂದವರು ಬಹಳ ಕಡಿಮೆ. ಒಬ್ಬೊಬ್ಬರು ಒಪ್ಪಿದಾಗಲೂ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಎದೆ ಇನ್ನಷ್ಟು ಭಾರವಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಬುಧವಾರ ಮಾಯಣ್ಣ ಬಂದ. ಜೊತೆಗೆ ಹೆಂಡತಿಯ ತಂಗಿ ಲಕ್ಷ್ಮಿದೇವಮ್ಮ. ಅವಳನ್ನು ಒಳಗೆ ಕಳಿಸಿ ತಾನು ಹೊರಗಿನ ಬೆಂಚಿನ ಮೇಲೆ ಕೂತ. ಅವಳಿಗೂ ನಡುನಡುವೆ ರಕ್ತ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಉಗುರಿನಷ್ಟು ಹುಣ್ಣು ಸಿಕ್ಕಿತು. ಪರಮಶಿವಯ್ಯ ಹೊರಗೆ ಬಂದು, ತಡಮಾಡದೆ ಬೆಂಗಳೂರಿಗೆ ಹೋಗಬೇಕು, ನಾನೂ ಬರುತ್ತೇನೆ ಎಂದರು.

"ಕಾಗ್ದ ಬರ್ಕೊಡಿ ಸಾಕು," ಎಂದ ಮಾಯಣ್ಣ. "ಆಸ್ಪತ್ರೆ ದಾರಿ ಗೊತ್ತು ನನಗೆ."

ಕಾಗದ ಇಸಕೊಳ್ಳುವಾಗಲೂ ಅವನು ಅವರ ಮುಖ ನೋಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವಳನ್ನು ಹತ್ತಿಸಿಕೊಂಡು ಹೋದ. ಆಪರೇಷನ್ ಆಗಿ ಲಕ್ಷ್ಮಿದೇವಮ್ಮ ಹುಷಾರಾಗಿ ಮನೆಗೆ ಬಂದಿದ್ದಾಳೆ ಎಂಬುದು ಪರಮಶಿವಯ್ಯನವರಿಗೆ ಎರಡು ತಿಂಗಳ ಮೇಲೆ ಸರ್ವಮಂಗಳಳಿಂದ ತಿಳಿಯಿತು. ಒಳ್ಳೇದಾಯ್ತು ಎಂದು ಹೇಳಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಇನ್ನೂ ನಾಲ್ಕು ಹೆಂಗಸರು ಕಾಯುತ್ತಿದ್ದರು. ಮೊದಲನೆಯವಳನ್ನು ಒಳಗೆ ಕರೆಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.