ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿಯುತ್ತಿದ್ದ ಹುಡುಗಿ

ಬೀಚನಹಳ್ಳಿಯ ಸೌಂದರ್ಯ ಬೆಳಗ್ಗೆ ಕಾಲೇಜಿಗೆಂದು ಬಸ್ಸು ಹತ್ತುತ್ತಿದ್ದಳು. ಆದರೆ ಕಾಲೇಜಿದ್ದ ಕೋಟೆ ಪಟ್ಟಣದವರೆಗೆ ಹೋಗುತ್ತಿರಲಿಲ್ಲ. ಅದಕ್ಕೂ ಮೊದಲು ಸಿಗುವ ಕೂಡುರಸ್ತೆ ಹ್ಯಾಂಡ್‌ಪೋಸ್ಟ್‌ನಲ್ಲೇ ಇಳಿದು ಅಂಗಡಿಗಳ ಮುಂದೆ ಸುಮ್ಮನೆ ಅತ್ತಿಂದಿತ್ತ ನಡೆಯುತ್ತಿದ್ದಳು. ಕೋಟೆ ಕಡೆಯ ಬಸ್ಸು ಬಂದರೆ ಬಾಗಿಲವರೆಗೂ ಹೋಗಿ ಹಿಂದೆ ಸರಿಯುತ್ತಿದ್ದಳು. ಪರಿಚಯದವರು ಕಂಡರೆ ಫೋನ್ ಕಿವಿಗಿಟ್ಟುಕೊಂಡು ಬೆನ್ನು ತಿರುಗಿಸುತ್ತಿದ್ದಳು. ಸಂಜೆ ಅವ್ವ ಸುನಂದಮ್ಮ, "ಪಾಠ ಆಯ್ತಾ?" ಅಂದರೆ "ಊಂ" ಅನ್ನುತ್ತಿದ್ದಳು.

ಅವಳು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಬಿ.ಕಾಂ.ನ ಮೊದಲ ಸೆಮಿನಾರಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ನಿಂತಳು. ಮೊದಲ ಮಾತೇ ಮರೆತುಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಬ್ಯಾಗು ಎತ್ತಿಕೊಂಡು ಹೊರಗೆ ಬಂದವಳು ಮತ್ತೆ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ, ಅವಳದೇ ಊರಿನ ಶಾಂತಲಾ ಒಂದು ಬೆಳಗ್ಗೆ ಬಸ್ಸಿನ ಕಿಟಕಿಯಿಂದ ಅವಳನ್ನು ನೋಡಿ ಇಳಿದೇಬಿಟ್ಟಳು.

"ಯಾಕೇ ಇಲ್ಲಿ ನಿಂತಿದ್ದೀಯ? ಕ್ಲಾಸಿಲ್ವಾ?"

ಸುಳ್ಳು ಹೇಳಲು ಬಾಯಿ ತೆರೆದ ಸೌಂದರ್ಯ ಅತ್ತುಬಿಟ್ಟಳು. ಆದದ್ದನ್ನೆಲ್ಲ ಹೇಳಿದಳು.

ಶಾಂತಲಾ ಅವಳನ್ನು ನೆರಳಿಗೆ ಕರೆದುಕೊಂಡು ಹೋದಳು. "ನಗೋರು ನಗ್ಲಿ ಬುಡು ಅಂತ ನಾನು ಹೇಳಲ್ಲ. ನೋವಾಯ್ತದೆ. ಆದ್ರೆ ಇಂಗೇ ತಿರುಗ್ತಿದ್ರೆ ಪರೀಕ್ಷೆಗೆ ಕೂರಿಸಲ್ಲ ಕಣೇ. ಸೆಮಿನಾರ್ ಮೇಷ್ಟ್ರು ಒಬ್ರೇ ಇರುವಾಗ ಹೋಗಿ ಹೇಳು. ಮನೇಲೂ ಹೇಳು."

"ಏನಂತ ಹೇಳ್ಲಿ ಅಕ್ಕ?"

"ಈಗ ನಂಗೆ ಹೇಳಿದ್ಯಲ್ಲ, ಅಂಗೇ."

ಮುಂದಿನ ಬಸ್ಸಿಗೆ ಇಬ್ಬರೂ ಹತ್ತಿದರು. ಸ್ಟಾಫ್ ರೂಮಿನ ಬಾಗಿಲವರೆಗೆ ಹೋದ ಸೌಂದರ್ಯ ನೀರು ಕುಡಿಯುವ ನೆಪದಲ್ಲಿ ತಿರುಗಿ ಬಂದಳು. ಮತ್ತೆ ಹೋಗಿ ಮತ್ತೆ ಬಂದಳು. ಕೊನೆಗೆ ಒಳಗೆ ಒಬ್ಬರೇ ಕೂತಿದ್ದ ವೀರಭದ್ರಸ್ವಾಮಿ ಮೇಷ್ಟ್ರೇ, "ಬಾಮ್ಮ ಒಳಗೆ" ಎಂದು ಕರೆದರು.

ಅವರು ಪೂರ್ತಿ ಕೇಳಿಸಿಕೊಂಡರು. "ನಿನ್ನ ಜಾಗದಲ್ಲೇ ನಿಂತ್ಕೊಂಡು ಕನ್ನಡದಲ್ಲಿ ಹೇಳು. ಇಂಗ್ಲಿಷ್ ನಿಧಾನವಾಗಿ ಬರ್ತದೆ. ಆದ್ರೆ ಹೋದ ಹಾಜರಾತಿನ ನಾನು ಕೊಡಕ್ಕಾಗಲ್ಲ. ಇನ್ನೊಂದು ದಿನಾನೂ ತಪ್ಪಿಸ್ಬೇಡ."

ಸಂಜೆ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಮಗಳ ಮಾತು ಕೇಳಿ ಅವಳ ಕೈ ನಿಂತಿತು.

"ಅಷ್ಟು ದಿನವೂ ಬೀದೀಲಿ ನಿಂತಿದ್ಯಾ?"

ಅಷ್ಟೇ ಕೇಳಿದಳು. ಬಯ್ಯಲಿಲ್ಲ, ಊಟಕ್ಕೆ ಕರೆಯಲೂ ಇಲ್ಲ. ಸೌಂದರ್ಯ ತಾನೇ ತಟ್ಟೆ ಹಾಕಿಕೊಂಡು ಕೂತಳು. ಬಯ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಬೆಳಗ್ಗೆ ಸುನಂದಮ್ಮ ಸೀರೆ ಬದಲಿಸಿ ಅವಳ ಜೊತೆಗೇ ಬಸ್ಸು ಹತ್ತಿದಳು. ಹ್ಯಾಂಡ್‌ಪೋಸ್ಟ್ ಬಂದಾಗ ಮಗಳ ಕೈ ಹಿಡಿದುಕೊಂಡಳು. ಬಸ್ಸು ಹೊರಟ ಮೇಲೂ ಬಿಡಲಿಲ್ಲ. ಕಾಲೇಜಿನ ಗೇಟಿನಲ್ಲಿ, "ನಂಗೆ ಓದಕ್ ಬರಲ್ಲ. ನೀನು ಹೇಳ್ದಿದ್ರೆ ನಂಗೆ ಯಾವುದೂ ಗೊತ್ತಾಗಲ್ಲ" ಅಂದು ತಿರುಗಿ ನಡೆದಳು.

ಆ ವಾರದ ಸೆಮಿನಾರಿನಲ್ಲಿ ಸೌಂದರ್ಯ ತನ್ನ ಜಾಗದಲ್ಲೇ ನಿಂತು ಕನ್ನಡದಲ್ಲಿ ಶುರುಮಾಡಿದಳು. ಒಬ್ಬ ಕೆಮ್ಮಿದ, ಅದು ನಗುವೋ ಕೆಮ್ಮೋ ಅವಳಿಗೆ ತಿಳಿಯಲಿಲ್ಲ. ಒಂದು ಕ್ಷಣ ನಿಂತು, ಉಳಿದದ್ದನ್ನು ಹೇಳಿ ಮುಗಿಸಿದಳು. ಚಪ್ಪಾಳೆ ಬೀಳಲಿಲ್ಲ.

ಪಕ್ಕದಲ್ಲಿದ್ದ ಪೂಜಾ ಪಿಸುಗುಟ್ಟಿದಳು: "ಮುಂದಿನ ವಾರ ನಂದು. ಈಗ್ಲೇ ಕೈಕಾಲು ಆಡ್ತಿಲ್ಲ. ನೀನೆಂಗೆ ಮಾಡ್ದೆ?"

"ನಂಗೂ ಸರಿಯಾಗಿ ಗೊತ್ತಿಲ್ಲ ಕಣೇ. ಸಂಜೆ ಕುಂತ್ಕೊಂಡು ಮಾತಾಡಣ" ಅಂದಳು ಸೌಂದರ್ಯ.