ಈ ಕಡೆ ತಿರುಗಿ ಹೇಳು

ಶಾಲೆಗೆ ಸೇರಿಸುವ ಕಾಲ ಮುಗಿಯುತ್ತ ಬಂದಿತ್ತು. ದರ್ಜಿಯ ಮಗಳು ಮಾತ್ರ ಇನ್ನೂ ಹೊಲಿಗೆ ಯಂತ್ರದ ಪಕ್ಕ ಕುಳಿತು, ಅತ್ತೆ ಕಲಿಸಿದ ಅಕ್ಷರಗಳನ್ನು ಗುಂಡಿಗಳಲ್ಲಿ ಜೋಡಿಸುತ್ತಿದ್ದಳು. ಅವಳಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುತ್ತಾಳೆ.

"ತರಗತಿ ತುಂಬ ಮಕ್ಕಳು. ಇವಳೊಬ್ಬಳಿಗೋಸ್ಕರ ಯಾರಮ್ಮ ನಿಂತು ಹೇಳ್ತಾರೆ?" ಎಂದು ದರ್ಜಿ ತನ್ನ ತಂಗಿಯನ್ನು ಕೇಳಿದ.

ತಂಗಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಓದುತ್ತಿದ್ದಳು. ಎಲ್ಲ ಬಗೆಯ ಮಕ್ಕಳೂ ಒಂದೇ ತರಗತಿಯಲ್ಲಿ ಕಲಿಯುವುದು ಹೇಗೆ ಎಂದು ಅವಳ ತಂಡ ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಸೇರಿ ಅಧ್ಯಯನ ಮಾಡಿತ್ತು.

"ನಾಳೆ ಶಾಲೇಲಿ ಪೋಷಕರ ಸಭೆ ಇದೆ, ಅಲ್ಲಿ ಅದನ್ನೇ ಹೇಳ್ತೀನಿ, ಬಾ ಅಣ್ಣ. ಕೇಳಿದ ಮೇಲೆ ಬೇಕಾದ್ರೆ ಬೈ."

"ಆ ದೇಶದವರಿಗೆ ನಮ್ಮನೆ ಮಗು ವಿಷಯ ಏನು ಗೊತ್ತು?"

"ಅಲ್ಲೇನು ಮಕ್ಕಳು ಮರದಿಂದ ಉದುರ್ತಾವಾ?"

ಮರುದಿನ ಸಭಾಂಗಣದಲ್ಲಿ ಅವಳು ಹೇಳಿದಳು: "ಆ ಕಡೆ ತಂಡದ ಒಬ್ಬ ಹುಡುಗನಿಗೆ ಕಿವಿ ಕೇಳ್ತಿರಲಿಲ್ಲ. ವಿಡಿಯೋ ಕರೆಗೆ ಕಂಪ್ಯೂಟರ್ ಮುಂದೆ ಕೂತಾಗ ನಾವೆಲ್ಲ ಒಟ್ಟಿಗೇ ಮಾತಾಡ್ತಿದ್ವಿ, ಅವನು ಸುಮ್ಮನಿದ್ದುಬಿಡ್ತಿದ್ದ. ಆಸಕ್ತಿ ಇಲ್ಲ ಅಂದ್ಕೊಂಡ್ವಿ. ಕೊನೆಗೆ ಅವನನ್ನೇ ಕೇಳಿದ್ವಿ. 'ಯಾರ ಮುಖ ನೋಡಬೇಕು ಅಂತಲೇ ಗೊತ್ತಾಗಲ್ಲ' ಅಂತ ಬರೆದು ತೋರಿಸಿದ. ಆವತ್ತಿಂದ ಮಾತಾಡೋರು ಕೈ ಎತ್ತಬೇಕು, ಒಬ್ಬೊಬ್ಬರೇ ಮಾತಾಡಬೇಕು, ಮುಖದ ಮೇಲೆ ಬೆಳಕಿರಬೇಕು ಅಂತ ಮಾಡ್ಕೊಂಡ್ವಿ. ಅವರ ಭಾಷೆ ಅರ್ಧಂಬರ್ಧ ಬರ್ತಿದ್ದ ನಮಗೂ ಆವಾಗಲೇ ಎಲ್ಲ ಅರ್ಥವಾಗೋಕೆ ಶುರುವಾಯ್ತು!"

ಹೀಗೆಂದವಳೇ ಪರದೆಯತ್ತ ತಿರುಗಿ, ಸಭೆಗೆ ಬೆನ್ನು ಹಾಕಿ ಓದತೊಡಗಿದಳು.

ಮುಂದೆ ಅಪ್ಪನ ಜೊತೆ ಕುಳಿತಿದ್ದ ಹುಡುಗಿ ಎದ್ದು ಹೋಗಿ, ಮನೆಯಲ್ಲಿ ಮಾಡುವಂತೆಯೇ ಅತ್ತೆಯ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಳು.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ನಾನೇ ಬೆನ್ನು ತೋರಿಸಿದೆ ನೋಡಿ" ಎಂದು ಅತ್ತೆ ನಕ್ಕಳು.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದರು: "ಹಾಗೇ ನಿಂತ್ಕೊಳ್ಳೇ ತಾಯಿ! ಈಗ ನನಗೂ ಕೇಳಿಸ್ತಿದೆ."

ದರ್ಜಿಗೆ ಕುತೂಹಲ ತಡೆಯಲಾಗಲಿಲ್ಲ. ಸಭೆ ಮುಗಿದ ಮೇಲೆ ತರಗತಿಗೆ ಹೋಗಿ, ಮಗಳ ಪಕ್ಕ ಪುಟ್ಟ ಬೆಂಚಿನಲ್ಲಿ ಮುದುಡಿ ಕುಳಿತ. ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು, "ಏನಾದ್ರೂ ಹೇಳಿ ಟೀಚರಮ್ಮ" ಎಂದ.

ಕಿಟಕಿಗೆ ಬೆನ್ನು ಮಾಡಿ ನಿಂತಿದ್ದ ಟೀಚರ ಮುಖ ಕಪ್ಪಾಗಿ ಕಂಡಿತು. ಅವರಿಗೂ ಅದು ಹೊಳೆದು, ಈಚೆ ಬೆಳಕಿಗೆ ಬಂದು ಮತ್ತೊಮ್ಮೆ ಹೇಳಿದರು. ತುಟಿಗಳು ಆಡುತ್ತಿದ್ದವು, ದರ್ಜಿಗೆ ಒಂದು ಪದವೂ ದಕ್ಕಲಿಲ್ಲ. ಅಪ್ಪನ ಪೇಚು ನೋಡಿ ಮಗಳು ನಕ್ಕು, ಎದ್ದು ಹೋಗಿ ಕರಿಹಲಗೆಯ ಮೇಲೆ ತನ್ನ ಹೆಸರು ಬರೆದಳು. ಟೀಚರು ಕೇಳಿದ್ದು ಅದನ್ನೇ.

ದರ್ಜಿ ಕಿವಿಯಿಂದ ಬೆರಳು ತೆಗೆದ. "ಇವತ್ತೇ ಸೇರಿಸ್ಕೊಳ್ಳಿ" ಎಂದ.

"ಆಗಲಿ. ಸನ್ನೆ ಭಾಷೆ ಬಲ್ಲವರನ್ನೂ ಹುಡುಕೋಣ. ಅವಳ ಜೊತೆ ನಾವೂ ಕಲೀತೀವಿ" ಎಂದರು ಟೀಚರು.

ನಿಮ್ಮ ಬೀದಿಯಲ್ಲೂ ಹೀಗೆ ಮನೆಯಲ್ಲೇ ಉಳಿದ ಮಗುವಿದೆಯೇ? ಅದು ಸುಮ್ಮನಿದ್ದರೆ ಕಲಿಯಲು ಮನಸ್ಸಿಲ್ಲ ಎಂದು ತೀರ್ಮಾನಿಸಬೇಡಿ. ನಿನಗೇನು ಬೇಕು ಎಂದು ಅದನ್ನೇ ಕೇಳಿ. ಹತ್ತಿರದ ಶಾಲೆಗೆ ಕರೆದುಕೊಂಡು ಹೋಗಿ. ಎಲ್ಲಕ್ಕಿಂತ ಮೊದಲು, ಅದರ ಕಡೆ ತಿರುಗಿ ಮಾತಾಡಿ.